ಹುಡುಕಿದರೆ ಸಿಗಬೇಕು ಲೋಕಾಪುರ

ಸರ್ಚ್ ಎಂಜಿನ್‌ನಲ್ಲಿ ಒಂದು ಪದ ಬರೆದು ಒತ್ತಿದರೆ ಅರೆಕ್ಷಣದಲ್ಲಿ ಉತ್ತರಗಳ ಪಟ್ಟಿ ಮೂಡುತ್ತದೆ. ಆ ಅರೆಕ್ಷಣದಲ್ಲಿ ಅದು ಜಗತ್ತಿನ ಜಾಲತಾಣಗಳನ್ನೆಲ್ಲ ಸುತ್ತಿ ಬರುವುದಿಲ್ಲ. ಮೊದಲೇ ಓದಿ, ಪದಪದ ಬಿಡಿಸಿ, ತನ್ನ ಸರ್ವರ್‌ಗಳಲ್ಲಿ ಜೋಡಿಸಿಟ್ಟುಕೊಂಡ ಸೂಚಿಯನ್ನಷ್ಟೇ ನೋಡುತ್ತದೆ. ಆ ಸೂಚಿಯಲ್ಲಿ ಸೇರದ ಪುಟ ಎಷ್ಟೇ ಚೆನ್ನಾಗಿದ್ದರೂ ಉತ್ತರವಾಗಿ ಬರಲಾರದು. ಹೀಗಾಗಿ ಸರ್ಚ್ ಎಂಜಿನ್‌ನ ಕೆಲಸದಲ್ಲಿ ಮೂರು ಹಂತಗಳಿವೆ: ಪುಟ ಇರುವುದನ್ನು ಪತ್ತೆ ಮಾಡುವುದು, ಅದನ್ನು ಓದಿ ಸೂಚಿಗೆ ಸೇರಿಸುವುದು, ಯಾರಾದರೂ ಕೇಳಿದಾಗ ತಕ್ಕ ಕ್ರಮದಲ್ಲಿ ಮುಂದಿಡುವುದು. ಜಾಲತಾಣ ಜನರ ಕಣ್ಣಿಗೆ ಬೀಳಬೇಕಾದರೆ ಈ ಮೂರನ್ನೂ ದಾಟಬೇಕು.

ಕನ್ನಡದ ಪುಟಗಳಿಗೆ ಮೂರು ಹಂತದಲ್ಲೂ ಪ್ರತ್ಯೇಕ ತೊಡಕುಗಳಿವೆ. ಅವನ್ನು ಅರಿಯಲು ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗ ಒಳ್ಳೆಯ ಉದಾಹರಣೆ. ಬೆಳಗಾವಿ–ಬಾಗಲಕೋಟೆ ದಾರಿಯ ಮೇಲಿರುವ ಲೋಕಾಪುರ, ಕವಿ ರನ್ನನಿಗೂ ಬೇಟೆನಾಯಿಯ ತಳಿಗೂ ಹೆಸರಾದ ಮುಧೋಳ, ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿ, ಕೃಷ್ಣೆಯ ಹಿನ್ನೀರಿನ ಅಂಚಿನ ಬೀಳಗಿ, ಮಗ್ಗಗಳ ಸದ್ದಿನ ರಬಕವಿ-ಬನಹಟ್ಟಿ, ಬೆಲ್ಲದ ಪೇಟೆಯ ಮಹಾಲಿಂಗಪುರ: ಹೇಳಲು ಇಲ್ಲಿ ಬೇಕಾದಷ್ಟಿದೆ. ಆದರೆ ಅದರಲ್ಲಿ ಎಷ್ಟು ಯಂತ್ರ ಓದಬಲ್ಲ ಕನ್ನಡದಲ್ಲಿ ದಾಖಲಾಗಿದೆಯೋ ಅಷ್ಟು ಮಾತ್ರ ಹುಡುಕಿದವರಿಗೆ ಸಿಗುತ್ತದೆ.

ಕೊಂಡಿ ಹಿಡಿದು ಬರುವ ಬಾಟ್

ಅಂತರ್ಜಾಲಕ್ಕೆ ಒಂದು ಕೇಂದ್ರ ಕಚೇರಿಯಿಲ್ಲ, ಎಲ್ಲ ಪುಟಗಳ ಒಂದೇ ನೋಂದಣಿ ಪುಸ್ತಕವೂ ಇಲ್ಲ. ಆದ್ದರಿಂದ ಸರ್ಚ್ ಎಂಜಿನ್‌ಗಳು ಕ್ರಾಲರ್ ಅಥವಾ ಬಾಟ್ ಎಂಬ ತಂತ್ರಾಂಶಗಳನ್ನು ಇಟ್ಟುಕೊಂಡಿವೆ. ಗೂಗಲ್‌ನದು ಗೂಗಲ್‌ಬಾಟ್, ಮೈಕ್ರೋಸಾಫ್ಟ್‌ನದು ಬಿಂಗ್‌ಬಾಟ್. ಬಾಟ್ ತನಗೆ ಈಗಾಗಲೇ ಗೊತ್ತಿರುವ ಪುಟವನ್ನು ತೆರೆದು, ಅದರಲ್ಲಿರುವ ಕೊಂಡಿಗಳನ್ನು ಆಯ್ದು ಸರದಿಗೆ ಹಚ್ಚುತ್ತದೆ. ಆಮೇಲೆ ಆ ಕೊಂಡಿಗಳ ಪುಟಗಳನ್ನು ತೆರೆದು, ಅಲ್ಲಿಂದ ಮತ್ತೆ ಹೊಸ ಕೊಂಡಿಗಳನ್ನು ಪಡೆಯುತ್ತದೆ. ಹೀಗೆ ನಡೆದ ಕೆಲಸದಿಂದ 2016ರ ಹೊತ್ತಿಗೆ ತನಗೆ 130 ಲಕ್ಷ ಕೋಟಿ ಪುಟಗಳ ವಿಳಾಸ ಗೊತ್ತಿದೆ ಎಂದು ಗೂಗಲ್ ಹೇಳಿಕೊಂಡಿತ್ತು. ವಿಳಾಸ ಗೊತ್ತಿರುವ ಪುಟಗಳೆಲ್ಲ ಸೂಚಿಗೆ ಸೇರುವುದಿಲ್ಲ. ಸೇರುವುದು ಅದರ ಒಂದು ಸಣ್ಣ ಪಾಲು.

ಯಾವ ಪುಟದಿಂದಲೂ ಕೊಂಡಿ ಇಲ್ಲದ ತಾಣಕ್ಕೆ ಬಾಟ್ ತಾನಾಗಿ ಬರುವುದು ಕಷ್ಟ. ಬನಹಟ್ಟಿಯ ನೇಕಾರರೊಬ್ಬರು ಸೀರೆ ಮಾರಲು ತಾಣ ತೆರೆದರೆಂದುಕೊಳ್ಳೋಣ. ಅದರ ವಿಳಾಸ ವಿಸಿಟಿಂಗ್ ಕಾರ್ಡಿನಲ್ಲಿ, ಅಂಗಡಿಯ ಫಲಕದಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಇದ್ದರೆ ಜನರಿಗೆ ಅದು ಗೊತ್ತಾಗುತ್ತದೆ, ಬಾಟ್‌ಗೆ ಗೊತ್ತಾಗುವುದಿಲ್ಲ. ಈ ಕೊರತೆ ತುಂಬಲು ಸೈಟ್‌ಮ್ಯಾಪ್ ಎಂಬ ಕಡತವಿದೆ. ತಾಣದ ಎಲ್ಲ ಪುಟಗಳ ವಿಳಾಸಗಳನ್ನು ಒಂದೆಡೆ ಪಟ್ಟಿ ಮಾಡಿಕೊಡುವ ಈ ಪದ್ಧತಿಯನ್ನು ಗೂಗಲ್ 2005ರಲ್ಲಿ ತಂದಿತು. 2006ರಲ್ಲಿ ಯಾಹೂ ಮತ್ತು ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡವು. ಒಂದು ಸೈಟ್‌ಮ್ಯಾಪ್‌ನಲ್ಲಿ 50,000 ವಿಳಾಸಗಳವರೆಗೆ ಕೊಡಬಹುದು. ಅದನ್ನು ಗೂಗಲ್‌ನ ಸರ್ಚ್ ಕನ್ಸೋಲ್‌ಗೂ ಬಿಂಗ್‌ನ ವೆಬ್‌ಮಾಸ್ಟರ್ ಟೂಲ್ಸ್‌ಗೂ ಸಲ್ಲಿಸಬಹುದು. ಎರಡೂ ಉಚಿತ.

ಬಾಟ್ ಎಲ್ಲಿಗೆ ಬರಬಾರದು ಎಂದು ಹೇಳುವ ಹಕ್ಕು ತಾಣದ ಒಡೆಯರಿಗಿದೆ. ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಸಣ್ಣ ಕಡತದಲ್ಲಿ ಅದನ್ನು ಬರೆದಿಡುತ್ತಾರೆ. 1994ರಲ್ಲಿ ಮಾರ್ಟಿನ್ ಕಾಸ್ಟರ್ ಸೂಚಿಸಿದ ಈ ಕ್ರಮ ಬಹುಕಾಲ ಬರಿಯ ಒಡಂಬಡಿಕೆಯಾಗಿ ನಡೆದು, 2022ರಲ್ಲಿ ಅಂತರ್ಜಾಲದ ಅಧಿಕೃತ ಮಾನಕವಾಯಿತು. ತಾಣವನ್ನು ಕಟ್ಟುವಾಗ ಬಾಟ್‌ಗಳನ್ನು ತಡೆದಿಟ್ಟು, ಕೆಲಸ ಮುಗಿದ ಮೇಲೆ ಆ ತಡೆಯನ್ನು ತೆಗೆಯಲು ಮರೆಯುವುದುಂಟು. ಹೊಸ ತಾಣ ಎಲ್ಲೂ ಕಾಣದಿದ್ದರೆ ಮೊದಲು ಪರೀಕ್ಷಿಸಬೇಕಾದ ಕಡತ ಇದು.

ಓದಿದ್ದನ್ನು ಸೂಚಿಗೆ ಸೇರಿಸುವ ಬಗೆ

ಪಠ್ಯಪುಸ್ತಕದ ಕೊನೆಯಲ್ಲಿ ಪದಗಳನ್ನು ಅಕಾರಾದಿಯಾಗಿ ಕೊಟ್ಟು, ಯಾವ ಪದ ಯಾವ ಪುಟದಲ್ಲಿದೆ ಎಂದು ತೋರಿಸುವ ಸೂಚಿ ಇರುತ್ತದೆ. ಸರ್ಚ್ ಎಂಜಿನ್‌ನ ಸೂಚಿಯೂ ಮೂಲತಃ ಅದೇ ಬಗೆಯದು. ಪುಟದ ಪಠ್ಯವನ್ನು ಪದಗಳಾಗಿ ಬಿಡಿಸಿ, ಪ್ರತಿ ಪದದ ಎದುರು ಅದು ಬರುವ ಪುಟಗಳ ಪಟ್ಟಿ ಇಡಲಾಗುತ್ತದೆ. ಪದ ಶೀರ್ಷಿಕೆಯಲ್ಲಿದೆಯೋ, ಉಪಶೀರ್ಷಿಕೆಯಲ್ಲೋ, ಚಿತ್ರದ ವಿವರಣೆಯಲ್ಲೋ ಎಂಬುದೂ ದಾಖಲಾಗುತ್ತದೆ. ‘ಲೋಕಾಪುರ ಸುಣ್ಣಕಲ್ಲು’ ಎಂದು ಯಾರಾದರೂ ಕೇಳಿದಾಗ ಎರಡು ಪದಗಳ ಪಟ್ಟಿಗಳನ್ನು ಹೊಂದಿಸಿ, ಎರಡರಲ್ಲೂ ಇರುವ ಪುಟಗಳನ್ನು ಹೊರತೆಗೆಯುವುದಷ್ಟೇ ಉಳಿಯುತ್ತದೆ.

ಎಲ್ಲ ಪದಗಳಿಗೂ ಒಂದೇ ತೂಕವಿಲ್ಲ. ‘ಮತ್ತು’, ‘ಆದರೆ’ ಎಂಬ ಪದಗಳು ಕೋಟ್ಯಂತರ ಪುಟಗಳಲ್ಲಿವೆ. ಅವುಗಳಿಂದ ಪುಟದ ವಿಷಯ ತಿಳಿಯದು. ‘ಸುಣ್ಣಕಲ್ಲು’ ಅಪರೂಪದ ಪದ. ಅದಿರುವ ಪುಟ ಯಾವುದರ ಬಗ್ಗೆ ಎಂದು ಊಹಿಸಬಹುದು. ಎಷ್ಟು ಕಡಿಮೆ ಪುಟಗಳಲ್ಲಿ ಬರುತ್ತದೆಯೋ ಅಷ್ಟು ಹೆಚ್ಚು ತೂಕ ಎಂಬ ಈ ತತ್ವವನ್ನು ಬ್ರಿಟನ್ನಿನ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮಂಡಿಸಿದರು. ಅಂತರ್ಜಾಲ ಹುಟ್ಟುವ ಮೊದಲೇ ಬಂದ ಈ ವಿಚಾರ ಇಂದಿಗೂ ಹುಡುಕಾಟದ ಅಡಿಪಾಯಗಳಲ್ಲಿ ಒಂದು.

ಸೂಚಿಗೆ ಸೇರುವುದು ಪಠ್ಯ. ಪಠ್ಯವಾಗಿ ಇಲ್ಲದ್ದನ್ನು ಯಂತ್ರ ಓದುವುದು ಅಷ್ಟಕ್ಕಷ್ಟೆ. ಜಾತ್ರೆಯ ಕರಪತ್ರವನ್ನು ಫೋಟೊ ತೆಗೆದು ಹಾಕಿದರೆ, ಬೆಲೆಪಟ್ಟಿಯನ್ನು ಚಿತ್ರವಾಗಿ ಅಂಟಿಸಿದರೆ, ಹಳೆಯ ಸ್ಮರಣ ಸಂಚಿಕೆಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದರೆ ಮನುಷ್ಯರು ಓದಬಲ್ಲರು. ಯಂತ್ರ ಚಿತ್ರದಿಂದ ಅಕ್ಷರ ಗುರುತಿಸಲು ಈಗ ಕಲಿತಿದೆಯಾದರೂ ಒತ್ತಕ್ಷರಗಳಿಂದ ಕಿಕ್ಕಿರಿದ ಕನ್ನಡ ಮುದ್ರಣದಲ್ಲಿ ತಪ್ಪುಗಳು ನುಸುಳುತ್ತವೆ. ಖಾಸಗಿ ಗುಂಪುಗಳಲ್ಲಿ ಹರಿದಾಡುವ ಬರಹದ ಗತಿ ಇನ್ನೂ ಕಷ್ಟ. ಊರಿನ ಇತಿಹಾಸ, ಬೆಳೆಯ ಸಲಹೆ, ಸೀರೆಯ ವಿವರಗಳೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಉಳಿದರೆ ಅಲ್ಲಿಗೆ ಬಾಟ್‌ಗೆ ಪ್ರವೇಶವೇ ಇಲ್ಲ. ವರ್ಷ ಕಳೆದ ಮೇಲೆ ಬರೆದವರಿಗೂ ಅದು ಸಿಗುವುದಿಲ್ಲ.

ಅಕ್ಷರದ ಸಂಕೇತ ಸರಿಯಿರಬೇಕು

ಕನ್ನಡದ ಮಟ್ಟಿಗೆ ಅತಿ ದೊಡ್ಡ ತೊಡಕು ಕಂಪ್ಯೂಟರ್ ಕನ್ನಡದ ಮೊದಲ ದಿನಗಳಿಂದ ಬಂದದ್ದು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡಿಗರ ಬೆರಳಿಗೆ ರೂಢಿಯಾಯಿತು. ಕನ್ನಡವನ್ನು ಕಂಪ್ಯೂಟರಿಗೆ ತಂದ ಈ ಕೆಲಸ ದೊಡ್ಡದು. ಆದರೆ ಆ ಕಾಲದ ಫಾಂಟುಗಳಲ್ಲಿ ಬೆರಳಚ್ಚಿಸಿದ ಬರಹ ಒಳಗೆ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಕೇತವಾಗಿ ಉಳಿಯುತ್ತಿತ್ತು. ಫಾಂಟ್ ಆ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸುತ್ತಿತ್ತು. ಪರದೆಯ ಮೇಲೆ ‘ಲೋಕಾಪುರ’ ಎಂದು ಕಂಡರೂ ಕಡತದ ಒಳಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಇರುತ್ತಿತ್ತು. ಬಾಟ್ ಓದುವುದು ಆಕಾರವನ್ನಲ್ಲ, ಸಂಕೇತವನ್ನು. ಹೀಗೆ ಹಾಕಿದ ಪುಟ ಕನ್ನಡ ಪದದ ಹುಡುಕಾಟಕ್ಕೆ ಒದಗುವುದಿಲ್ಲ.

ಪರಿಹಾರ ಯುನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಜಾಗ ಸಿಕ್ಕಿತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಫಾಂಟಿನೊಡನೆ ಕನ್ನಡ ಯುನಿಕೋಡನ್ನು ಮನೆಮನೆಗೆ ತಂದಿತು. 2012ರ ಆಂಡ್ರಾಯ್ಡ್ 4.1ರಿಂದ ಮೊಬೈಲ್‌ಗಳಲ್ಲೂ ಕನ್ನಡಕ್ಕೆ ಬೆಂಬಲ ದೊರೆಯಿತು. ಯುನಿಕೋಡ್‌ನಲ್ಲಿ ‘ಲ’ ಎಂಬುದಕ್ಕೆ ಜಗತ್ತಿನೆಲ್ಲೆಡೆ ಒಂದೇ ಸಂಕೇತ. ಫಾಂಟ್ ಬದಲಾದರೂ ಅದು ಬದಲಾಗದು. ರಾಜ್ಯ ಸರಕಾರವೂ ಯುನಿಕೋಡನ್ನು ಒಪ್ಪಿಕೊಂಡಿದೆ. ಹೀಗಿದ್ದರೂ ಹಳೆಯ ಫಾಂಟಿನಲ್ಲಿ ಸಿದ್ಧವಾದ ಪಿಡಿಎಫ್‌ಗಳು ಇನ್ನೂ ಉಳಿದಿವೆ. ಅವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಯಾವುದೇ ಊರಿನ ಸಂಘ, ಪಂಚಾಯಿತಿ, ಕಾಲೇಜು ತನ್ನ ಹಳೆಯ ಕಡತಗಳನ್ನು ಹೀಗೆ ಬದಲಿಸಿ ಪುಟವಾಗಿ ಹಾಕಿದರೆ ಒಂದೇ ಸಲಕ್ಕೆ ವರ್ಷಗಳ ಬರಹ ಹುಡುಕಾಟಕ್ಕೆ ಒದಗುತ್ತದೆ. ಹೊಸದಾಗಿ ಏನೂ ಬರೆಯದೆ ಸಿಗುವ ಲಾಭ ಇದು.

ಯುನಿಕೋಡ್‌ನಲ್ಲೂ ಎಚ್ಚರ ಬೇಕು. ಸೊನ್ನೆಯ ಅಂಕಿ ‘೦’ ಮತ್ತು ಅನುಸ್ವಾರ ‘ಂ’ ನೋಡಲು ಒಂದೇ ಥರ. ‘ಸಂಘ’ ಎಂದು ಬರೆಯುವಾಗ ಅನುಸ್ವಾರದ ಜಾಗದಲ್ಲಿ ಅಂಕಿಯನ್ನು ಒತ್ತಿದರೆ ಓದುಗರಿಗೆ ವ್ಯತ್ಯಾಸ ತಿಳಿಯದು. ಯಂತ್ರಕ್ಕೆ ಅದು ಬೇರೆಯೇ ಪದ. ‘ಕೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಒಂದು ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಇಂಥವನ್ನು ಒಂದೇ ರೂಪಕ್ಕೆ ತರುವ ನಿಯಮ ಯುನಿಕೋಡ್‌ನಲ್ಲಿದೆ, ದೊಡ್ಡ ಸರ್ಚ್ ಎಂಜಿನ್‌ಗಳು ಅದನ್ನು ಪಾಲಿಸುತ್ತವೆ. ಆದರೆ ಸೊನ್ನೆ–ಅನುಸ್ವಾರದಂಥ ತಪ್ಪಿಗೆ ಆ ನಿಯಮದ ರಕ್ಷಣೆಯಿಲ್ಲ. ಬೆರಳಚ್ಚು ಮಾಡುವವರೇ ತಿದ್ದಿಕೊಳ್ಳಬೇಕು.

ಒಂದೇ ಹೆಸರಿನ ಹಲವು ರೂಪಗಳು

ಇಂಗ್ಲಿಷಿನಲ್ಲಿ ಊರಿನ ಹೆಸರು ವಾಕ್ಯದ ಎಲ್ಲಿ ಬಂದರೂ ಬಹುಮಟ್ಟಿಗೆ ಹಾಗೇ ಇರುತ್ತದೆ. ಕನ್ನಡದಲ್ಲಿ ಲೋಕಾಪುರದ, ಲೋಕಾಪುರಕ್ಕೆ, ಲೋಕಾಪುರದಿಂದ, ಲೋಕಾಪುರದಲ್ಲಿ, ಲೋಕಾಪುರದವರು ಎಂದು ಪ್ರತ್ಯಯ ಹತ್ತಿ ಪದವೇ ಬದಲಾಗುತ್ತದೆ. ಸಂಧಿ, ಸಮಾಸಗಳು ಸೇರಿದರೆ ರೂಪಗಳು ಇನ್ನೂ ಹೆಚ್ಚು. ಈ ರೂಪಗಳೆಲ್ಲ ಒಂದೇ ಊರಿನವು ಎಂದು ಯಂತ್ರಕ್ಕೆ ತಿಳಿಯಬೇಕು. ಇದಕ್ಕೆ ಬೇಕಾದ ಕಲಿಕೆ ಕನ್ನಡ ಪಠ್ಯದಿಂದಲೇ ಬರಬೇಕು. ಗೂಗಲ್ 2019ರಲ್ಲಿ ಹುಡುಕಾಟಕ್ಕೆ ಅಳವಡಿಸಿದ ಬರ್ಟ್‌ನಂಥ ಭಾಷಾ ಮಾದರಿಗಳು ಪದವನ್ನು ತುಂಡುಗಳಾಗಿ ಒಡೆದು, ಅಕ್ಕಪಕ್ಕದ ಪದಗಳಿಂದ ಅರ್ಥ ಗ್ರಹಿಸುತ್ತವೆ. ಅಂಥ ಮಾದರಿಗಳಿಗೆ ಇಂಗ್ಲಿಷಿನಷ್ಟು ಕನ್ನಡ ಓದಲು ಸಿಕ್ಕಿಲ್ಲ. ಹಾಗಾಗಿ ಶೀರ್ಷಿಕೆಯಲ್ಲಿ ಊರಿನ ಮೂಲರೂಪವನ್ನು ಒಮ್ಮೆಯಾದರೂ ಪ್ರತ್ಯಯವಿಲ್ಲದೆ ಬರೆಯುವುದು ಕನ್ನಡ ಪುಟಕ್ಕೆ ಒಳ್ಳೆಯದು.

ಕಾಗುಣಿತದ ಭೇದಗಳೂ ಇವೆ. ಕನ್ನಡದಲ್ಲೇ ಲೋಕಾಪುರ, ಲೋಕಾಪೂರ, ಮುಧೋಳ, ಮುದೋಳ. ರೋಮನ್ ಅಕ್ಷರದಲ್ಲಿ ಬರೆಯುವಾಗ ಜಮಖಂಡಿಯ ನಡುವಿನ ಅಕಾರವನ್ನು ಕೆಲವರು ಬರೆಯುತ್ತಾರೆ, ಕೆಲವರು ಬಿಡುತ್ತಾರೆ. ರಬಕವಿ, ಬನಹಟ್ಟಿ, ಬೀಳಗಿಗಳಿಗೂ ಹಾಗೆಯೇ. ಕನ್ನಡಿಗರಲ್ಲಿ ಬಹಳ ಜನ ಕನ್ನಡ ಪದವನ್ನು ರೋಮನ್ ಅಕ್ಷರದಲ್ಲೇ ಬರೆದು ಹುಡುಕುತ್ತಾರೆ. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ ಕೊಟ್ಟ ಮೇಲೆ ಟೈಪ್ ಮಾಡಲು ಬಾರದವರೂ ಬಾಯಿಂದ ಕೇಳಬಲ್ಲರು. ಇವರೆಲ್ಲರನ್ನೂ ತಲುಪಬೇಕಾದ ಪುಟದಲ್ಲಿ ಊರಿನ ಹೆಸರು ಕನ್ನಡ, ಇಂಗ್ಲಿಷ್ ಎರಡೂ ಲಿಪಿಗಳಲ್ಲಿ ಸಹಜವಾಗಿ ಒಂದೊಂದು ಕಡೆ ಬಂದಿರಬೇಕು.

ಹೆಸರು ಒಂದೇ ಆಗಿ ವಸ್ತು ಬೇರೆಯಾಗುವುದು ಇನ್ನೊಂದು ಸಮಸ್ಯೆ. ಲೋಕಾಪುರ ಒಂದು ಊರು. ಅದೇ ಅಡ್ಡಹೆಸರು ಕಾದಂಬರಿಕಾರ ರಂ.ಶಾ. ಲೋಕಾಪುರ ಅವರದು, ಗಿರೀಶ ಕಾಸರವಳ್ಳಿ ನಿರ್ದೇಶಿಸಿದ 1997ರ ‘ತಾಯಿ ಸಾಹೇಬ’ ಚಿತ್ರ ಅವರ ಕಾದಂಬರಿಯನ್ನು ಆಧರಿಸಿದ್ದು. ಭೂವಿಜ್ಞಾನಿಗಳಿಗೆ ಲೋಕಾಪುರವೆಂದರೆ ಕಲಾದಗಿ ಶಿಲಾಸಮೂಹದ ಒಂದು ಉಪಗುಂಪು. ಸುಣ್ಣಕಲ್ಲು, ಡಾಲಮೈಟ್‌ಗಳಿರುವ ಈ ಪದರಗಳ ಬಗ್ಗೆ ಇಂಗ್ಲಿಷಿನಲ್ಲಿ ಸಂಶೋಧನಾ ಪ್ರಬಂಧಗಳಿವೆ. ಮುಧೋಳವೆಂಬ ಊರು ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲೂ ಇದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಬಿಳಗಿಗೂ ಬಾಗಲಕೋಟೆಯ ಬೀಳಗಿಗೂ ಇಂಗ್ಲಿಷ್ ಕಾಗುಣಿತ ಒಂದೇ ಆಗಿಬಿಡುತ್ತದೆ.

ಪದಗಳ ಹಿಂದಿರುವ ವಸ್ತುಗಳನ್ನು ಬಿಡಿಬಿಡಿಯಾಗಿ ಗುರುತಿಸಲು ಗೂಗಲ್ 2012ರಲ್ಲಿ ನಾಲೆಜ್ ಗ್ರಾಫ್ ಎಂಬ ಮಾಹಿತಿಕೋಶವನ್ನು ಆರಂಭಿಸಿತು. ಊರು, ವ್ಯಕ್ತಿ, ಪುಸ್ತಕ, ತಳಿ ಪ್ರತಿಯೊಂದಕ್ಕೂ ಅದರಲ್ಲಿ ಬೇರೆಬೇರೆ ಗುರುತು. ಈ ಕೋಶ ಹಲವು ಮೂಲಗಳಿಂದ ತುಂಬುತ್ತದೆ. ವಿಕಿಪೀಡಿಯ ಅದರಲ್ಲಿ ಮುಖ್ಯವಾದದ್ದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಊರಿನ ಲೇಖನ ತಾಲ್ಲೂಕು, ಜಿಲ್ಲೆ, ಅಕ್ಷಾಂಶ–ರೇಖಾಂಶಗಳೊಡನೆ ಸರಿಯಾಗಿದ್ದರೆ ಯಂತ್ರಕ್ಕೆ ಗೊಂದಲ ಕಡಿಮೆ. ತಾಣದ ಒಡೆಯರು ಕೂಡ ‘ಲೋಕಾಪುರ, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ’ ಎಂದು ಪೂರ್ಣ ವಿಳಾಸ ಬರೆದರೆ ಅದೇ ಕೆಲಸವಾಗುತ್ತದೆ.

ಯಾವ ಪುಟ ಮೇಲೆ, ಯಾವುದು ಕೆಳಗೆ

ಪದ ಹೊಂದುವ ಸಾವಿರಾರು ಪುಟಗಳಿದ್ದಾಗ ಯಾವುದನ್ನು ಮೊದಲು ತೋರಿಸಬೇಕು? 1990ರ ದಶಕದ ನಡುವಿನ ಸರ್ಚ್ ಎಂಜಿನ್‌ಗಳು ಹೆಚ್ಚಾಗಿ ಪುಟದೊಳಗಿನ ಪದಗಳನ್ನೇ ಲೆಕ್ಕ ಹಾಕುತ್ತಿದ್ದವು. ಒಂದೇ ಪದವನ್ನು ನೂರು ಸಲ ಬರೆದು ಅವನ್ನು ಮೋಸಗೊಳಿಸುವುದು ಸುಲಭವಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್, ಸರ್ಗೆ ಬ್ರಿನ್ 1998ರಲ್ಲಿ ಪ್ರಕಟಿಸಿದ ಪೇಜ್‌ರ‍್ಯಾಂಕ್ ಕ್ರಮ ಬೇರೆ ದಾರಿ ಹಿಡಿಯಿತು. ಒಂದು ಪುಟಕ್ಕೆ ಬೇರೆ ಪುಟಗಳು ಕೊಟ್ಟ ಕೊಂಡಿಗಳನ್ನು ಅದರ ಬಗೆಗಿನ ಸಾಕ್ಷ್ಯವೆಂದು ಎಣಿಸಲಾಯಿತು. ಎಷ್ಟು ಕೊಂಡಿ ಎನ್ನುವುದರ ಜೊತೆಗೆ ಕೊಂಡಿ ಕೊಟ್ಟವರ ತೂಕ ಎಷ್ಟು ಎಂಬುದೂ ಲೆಕ್ಕಕ್ಕೆ ಬಂದಿತು. ಅದೇ ವರ್ಷ ಅವರು ಗೂಗಲ್ ಸಂಸ್ಥೆ ಸ್ಥಾಪಿಸಿದರು. ಇಂದು ಜಗತ್ತಿನ ಹುಡುಕಾಟಗಳಲ್ಲಿ ಸುಮಾರು ಶೇ 90ರಷ್ಟು ಅದರ ಮೂಲಕ ನಡೆಯುತ್ತವೆ.

ಈಗ ಕೊಂಡಿ ನೂರಾರು ಅಂಶಗಳಲ್ಲಿ ಒಂದು. ಕೇಳಿದ ಪ್ರಶ್ನೆಗೆ ಪುಟ ಎಷ್ಟು ಹೊಂದುತ್ತದೆ, ಬರಹ ಎಷ್ಟು ಹೊಸದು, ಬಳಕೆದಾರ ಇರುವ ಜಾಗ ಯಾವುದು, ಮೊಬೈಲಿನಲ್ಲಿ ಪುಟ ಸರಿಯಾಗಿ ತೆರೆಯುತ್ತದೆಯೇ ಎಂಬುದೆಲ್ಲ ಗಣನೆಗೆ ಬರುತ್ತದೆ. ಹೊಸತನಕ್ಕೆ ಎಷ್ಟು ತೂಕ ಎಂಬುದು ಪ್ರಶ್ನೆಯನ್ನು ಅವಲಂಬಿಸಿದೆ. ಮುಧೋಳ ನಾಯಿಯ ತಳಿಯ ಇತಿಹಾಸಕ್ಕೆ ಹಳೆಯ, ಆಳವಾದ ಲೇಖನ ಸಾಕು. 2020ರ ಆಗಸ್ಟ್ 30ರಂದು ಪ್ರಧಾನಿ ‘ಮನ್ ಕಿ ಬಾತ್’ ಭಾಷಣದಲ್ಲಿ ಈ ತಳಿಯನ್ನು ಹೆಸರಿಸಿದಂಥ ದಿನಗಳಲ್ಲಿ ಜನ ಅಂದಿನ ಸುದ್ದಿಯನ್ನೇ ಹುಡುಕುತ್ತಾರೆ. ಆಗ ತಾಜಾ ವರದಿಗೆ ಆದ್ಯತೆ. ಆದರೆ ಸುದ್ದಿ ನಾಲ್ಕು ದಿನದ್ದು. ತಳಿಯ ಲಕ್ಷಣ, ಸಾಕುವ ಕ್ರಮ, ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಕೆಲಸ, 2005ರಲ್ಲಿ ಬಂದ ಅಂಚೆಚೀಟಿ ಇವನ್ನೆಲ್ಲ ಒಂದೆಡೆ ವಿವರಿಸುವ ಪುಟಕ್ಕೆ ವರ್ಷಪೂರ್ತಿ ಓದುಗರು ಬರುತ್ತಾರೆ.

2021ರ ಪಾಠ

ಯಂತ್ರಕ್ಕೆ ಸತ್ಯಾಸತ್ಯದ ವಿವೇಕ ತಾನಾಗಿ ಇಲ್ಲ ಎಂಬುದನ್ನು ಕನ್ನಡಿಗರು 2021ರ ಜೂನ್ ಮೊದಲ ವಾರ ನೋವಿನಿಂದ ಕಂಡರು. ಭಾರತದ ಅತ್ಯಂತ ಕೆಟ್ಟ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಉತ್ತರದ ಚೌಕದಲ್ಲಿ ಕನ್ನಡದ ಹೆಸರು ತೋರಿಸುತ್ತಿತ್ತು. ರಾಜ್ಯದಾದ್ಯಂತ ಆಕ್ರೋಶ ಎದ್ದಿತು. ಸರಕಾರ ಕಾನೂನು ಕ್ರಮದ ಮಾತಾಡಿತು. ಗೂಗಲ್ ಆ ಉತ್ತರವನ್ನು ತೆಗೆದು ಕ್ಷಮೆ ಕೋರಿತು.

ಅದು ಗೂಗಲ್ ಸಿಬ್ಬಂದಿ ಬರೆದ ಉತ್ತರವಾಗಿರಲಿಲ್ಲ. ಪ್ರಶ್ನೆಯ ಪದಗಳಿಗೆ ಹೊಂದುವ ಒಂದು ವಾಕ್ಯವನ್ನು ಯಾವುದೋ ಅನಾಮಧೇಯ ತಾಣದಿಂದ ಯಂತ್ರ ಎತ್ತಿಕೊಂಡಿತ್ತು. ಸಭ್ಯರು ಯಾರೂ ಬರೆಯದ ವಿಷಯವಾದ್ದರಿಂದ ಆ ಪ್ರಶ್ನೆಗೆ ಪೈಪೋಟಿ ಕೊಡುವ ಒಳ್ಳೆಯ ಪುಟಗಳಿರಲಿಲ್ಲ. ಬರಹ ವಿರಳವಾದ ಕಡೆ ಕಳಪೆ ಪುಟವೂ ಮೇಲೇರುತ್ತದೆ. ಇದು ಊರುಗಳಿಗೂ ಅನ್ವಯಿಸುವ ಮಾತು. ಬೀಳಗಿಯ ಬಗ್ಗೆ, ತೇರದಾಳದ ಬಗ್ಗೆ ತಿಳಿದವರು ಬರೆಯದಿದ್ದರೆ ಆ ಖಾಲಿ ಜಾಗದಲ್ಲಿ ಯಂತ್ರಾನುವಾದದ ತಪ್ಪು ಪುಟ, ಊರನ್ನೇ ನೋಡದವರು ಜಾಹೀರಾತಿನ ಹಣಕ್ಕಾಗಿ ಸೃಷ್ಟಿಸಿದ ಪುಟ ಬಂದು ಕೂರುತ್ತದೆ. ತಪ್ಪನ್ನು ತೆಗೆಸಲು ದೂರು ಕೊಡುವುದು ಒಂದು ಉಪಾಯ. ಸರಿಯಾದದ್ದನ್ನು ಮೊದಲೇ ಬರೆದಿಡುವುದು ಅದಕ್ಕಿಂತ ಗಟ್ಟಿಯಾದ ಉಪಾಯ.

ತಾಣದ ಒಡೆಯರು ಮಾಡಬೇಕಾದ್ದು

ತಾಣವನ್ನು ಕಾಣಿಸುವಂತೆ ಮಾಡುವ ಕೆಲಸಕ್ಕೆ ಎಸ್‌ಇಒ ಎಂಬ ಹೆಸರಿದೆ. ಅದರ ಬಹುಪಾಲು ಶ್ರದ್ಧೆಯ ಕೆಲಸ. ಮೊದಲನೆಯದು ಶೀರ್ಷಿಕೆ. ಪ್ರತಿ ಪುಟಕ್ಕೂ ಬೇರೆ ಶೀರ್ಷಿಕೆ ಇರಬೇಕು, ಅದು ಪುಟದಲ್ಲಿ ಇರುವುದನ್ನೇ ಹೇಳಬೇಕು. ‘ಸ್ವಾಗತ’ ಎಂಬ ಶೀರ್ಷಿಕೆಯಿಂದ ಯಾರಿಗೂ ಏನೂ ತಿಳಿಯದು; ‘ಬನಹಟ್ಟಿ ಕೈಮಗ್ಗದ ಹತ್ತಿ ಸೀರೆಗಳು’ ಎಂಬುದರಿಂದ ಊರು, ಮಗ್ಗ, ನೂಲು, ಸರಕು ನಾಲ್ಕೂ ತಿಳಿಯುತ್ತವೆ. ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ಕಾಣುವ ಎರಡು ಸಾಲಿನ ಸಾರಾಂಶವನ್ನೂ ಬರೆದಿಡಬಹುದು. ಅದರಿಂದ ಸ್ಥಾನ ಮೇಲೇರದಿದ್ದರೂ ಓದಿದವರು ಒತ್ತಿ ಒಳಗೆ ಬರಲು ಅದು ನೆರವಾಗುತ್ತದೆ.

ಎರಡನೆಯದು ಪುಟದ ಒಳಗಿನ ಬರಹ. ಗಿರಾಕಿ ಅಂಗಡಿಗೆ ಬಂದು ಕೇಳುವ ಪ್ರಶ್ನೆಗಳೇ ಹುಡುಕಾಟದ ಪ್ರಶ್ನೆಗಳೂ ಹೌದು. ಸೀರೆಯ ಉದ್ದ ಎಷ್ಟು, ಸೆರಗು ಯಾವ ಬಗೆಯದು, ಬಣ್ಣ ಬಿಡುತ್ತದೆಯೇ, ಒಗೆಯುವುದು ಹೇಗೆ, ಕೈಮಗ್ಗದ್ದೋ ಪವರ್‌ಲೂಮಿನದೋ, ಇಳಕಲ್ ಸೀರೆಗೂ ಇದಕ್ಕೂ ಏನು ಭೇದ? ಬೆಲ್ಲವಾದರೆ ರಾಸಾಯನಿಕ ಬೆರೆಸಿದೆಯೇ, ಎಷ್ಟು ದಿನ ಇಡಬಹುದು, ಮಳೆಗಾಲದಲ್ಲಿ ನೀರೊಡೆಯದಂತೆ ಕಾಪಾಡುವುದು ಹೇಗೆ? ಇವಕ್ಕೆ ನೇರವಾಗಿ, ಅನುಭವದಿಂದ ಉತ್ತರ ಬರೆದ ಪುಟಕ್ಕೆ ದೂರದ ದೊಡ್ಡ ಮಾರಾಟ ತಾಣಗಳೂ ಸಾಟಿಯಾಗಲಾರವು. ಪ್ರತಿದಿನ ಬರುವ ಪ್ರಶ್ನೆಗಳಲ್ಲಿ ಸುಮಾರು ಶೇ 15ರಷ್ಟು ಹಿಂದೆಂದೂ ಯಾರೂ ಕೇಳಿರದಂಥವು ಎಂದು ಗೂಗಲ್ ಹೇಳುತ್ತದೆ. ವಿವರವಾಗಿ ಬರೆದ ಪುಟ ಅಂಥ ಅನಿರೀಕ್ಷಿತ ಪ್ರಶ್ನೆಗಳಿಗೂ ಒದಗಿಬರುತ್ತದೆ.

ಮೂರನೆಯದು ಚಿತ್ರ. ಫೋಟೊಗೆ ಕ್ಯಾಮೆರಾ ಕೊಟ್ಟ ಅಂಕಿಗಳ ಹೆಸರೇ ಉಳಿದರೆ ಯಂತ್ರಕ್ಕೆ ಸುಳಿವು ಸಿಗದು. ಕಡತಕ್ಕೆ ಅರ್ಥವುಳ್ಳ ಹೆಸರು, ಕೆಳಗೆ ಅಡಿಬರಹ, ಕೋಡ್‌ನಲ್ಲಿ ಬದಲಿ ಪಠ್ಯ ಕೊಡಬೇಕು. ಈ ಬದಲಿ ಪಠ್ಯವನ್ನು ದೃಷ್ಟಿದೋಷವುಳ್ಳವರ ಸ್ಕ್ರೀನ್ ರೀಡರ್ ಗಟ್ಟಿಯಾಗಿ ಓದಿ ಹೇಳುತ್ತದೆ. ಯಂತ್ರಕ್ಕಾಗಿ ಬರೆದ ಒಂದು ಸಾಲು ಮನುಷ್ಯರಿಗೂ ನೆರವಾಗುವ ಜಾಗವಿದು.

ನಾಲ್ಕನೆಯದು ತಾಂತ್ರಿಕ ಶಿಸ್ತು. ಪುಟದ ಕೋಡ್‌ನಲ್ಲಿ ಭಾಷೆ ಕನ್ನಡ ಎಂದು ನಮೂದಿಸಬೇಕು, ಏಕೆಂದರೆ ತುಳು, ಕೊಡವ, ಕೊಂಕಣಿ ಬರಹಗಳೂ ಇದೇ ಲಿಪಿಯಲ್ಲಿರುತ್ತವೆ. ವಿಳಾಸ ಚಿಕ್ಕದಿರಲಿ: ಕನ್ನಡ ಅಕ್ಷರದ ವಿಳಾಸವನ್ನು ನಕಲು ಮಾಡಿ ಕಳಿಸುವಾಗ ಅದು ಶೇಕಡಾ ಚಿಹ್ನೆಗಳ ಸಾಲಾಗಿ ಬದಲಾಗುತ್ತದೆ, ‘ಲೋಕಾಪುರ’ ಎಂಬ ಒಂದೇ ಪದ 63 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಯಂತ್ರ ಎರಡನ್ನೂ ಅರಿಯುತ್ತದೆ, ಆದರೆ ಹಂಚಿಕೊಳ್ಳುವವರಿಗೆ ಚಿಕ್ಕ ವಿಳಾಸವೇ ಅನುಕೂಲ. ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಓದಿ ಸೂಚಿಗೆ ಸೇರಿಸುತ್ತದೆ. ಮೊಬೈಲ್ ರೂಪದಲ್ಲಿ ಇಲ್ಲದ ಬರಹ ಲೆಕ್ಕಕ್ಕೆ ಸಿಗದು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಹಾಕಿರುವ ಅಳತೆ. ದುರ್ಬಲ ಸಿಗ್ನಲ್‌ನ ಹಳ್ಳಿಗಳಲ್ಲಿ ಇದನ್ನು ಮುಟ್ಟಲು ಭಾರವಾದ ಫೋಟೊಗಳನ್ನು ಕುಗ್ಗಿಸುವುದೇ ಮೊದಲ ಹೆಜ್ಜೆ.

ಐದನೆಯದು ಕೊಂಡಿ. ತಾಣದ ಪುಟಗಳು ಪರಸ್ಪರ ಕೊಂಡಿ ಹೊಂದಿರಬೇಕು. ಹೊರಗಿನ ಕೊಂಡಿಯನ್ನು ಸಂಪಾದಿಸಬೇಕು: ನೇಕಾರರ ಸಹಕಾರಿ ಸಂಘ, ಸ್ಥಳೀಯ ಪತ್ರಿಕೆ, ಕಾಲೇಜಿನ ತಾಣ, ಇತಿಹಾಸಾಸಕ್ತರ ಲೇಖನ ಇವು ಕೊಡುವ ಒಂದೊಂದು ಕೊಂಡಿಯೂ ಬೆಲೆಯುಳ್ಳದ್ದು. ಅಕ್ಕಪಕ್ಕದ ಊರಿನ ತಾಣಗಳು ವಿಷಯಕ್ಕೆ ತಕ್ಕಂತೆ ಒಂದನ್ನೊಂದು ಉಲ್ಲೇಖಿಸಿದರೆ ಇಡೀ ಪ್ರದೇಶಕ್ಕೇ ಲಾಭ.

ನಕ್ಷೆಯ ಮೇಲೆ ಅಂಗಡಿ

ಗ್ಯಾರೇಜು, ಖಾನಾವಳಿ, ಕೃಷಿ ಪರಿಕರ ಮಳಿಗೆ, ಲಾಡ್ಜ್‌ಗಳಂಥ ಉದ್ಯೋಗಗಳಿಗೆ ಸ್ವಂತ ತಾಣಕ್ಕಿಂತ ಮೊದಲು ಬೇಕಾದದ್ದು ನಕ್ಷೆಯಲ್ಲಿ ಜಾಗ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಹೆಸರು, ವಿಳಾಸ, ಫೋನ್, ತೆರೆಯುವ ಸಮಯ, ಫೋಟೊಗಳನ್ನು ಉಚಿತವಾಗಿ ದಾಖಲಿಸಿ ಮಾಲೀಕತ್ವ ದೃಢಪಡಿಸಬಹುದು. ಹತ್ತಿರದ ಅಂಗಡಿ ಯಾವುದೆಂದು ಕೇಳಿದಾಗ ಉತ್ತರದ ಕ್ರಮವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಪ್ರಶ್ನೆಗೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿ. ದೂರವನ್ನು ಯಾರೂ ಬದಲಿಸಲಾರರು. ಉಳಿದೆರಡು ಮಾಲೀಕರ ಕೈಯಲ್ಲಿವೆ. ಸರಿಯಾದ ವರ್ಗ ಆರಿಸುವುದು, ಅಮಾವಾಸ್ಯೆ–ಹಬ್ಬದ ರಜೆಗಳನ್ನು ಹೇಳುವುದು, ಗಿರಾಕಿಗಳ ವಿಮರ್ಶೆಗೆ ಗೌರವದಿಂದ ಉತ್ತರಿಸುವುದು ಇಲ್ಲಿನ ಕೆಲಸ. ವಿಳಾಸ, ಫೋನ್ ಎಲ್ಲ ಕಡೆಯೂ ಒಂದೇ ರೀತಿ ಇರಬೇಕು. ಒಂದೆಡೆ ಹಳೆಯ ನಂಬರು, ಇನ್ನೊಂದೆಡೆ ಹೊಸದು ಇದ್ದರೆ ಯಂತ್ರಕ್ಕೂ ಗಿರಾಕಿಗೂ ಅನುಮಾನ ಹುಟ್ಟುತ್ತದೆ.

ದೂರವಿಡಬೇಕಾದ ದಾರಿಗಳು

ಮೊದಲ ಸ್ಥಾನ ಖಚಿತವೆಂದು ಹಣ ಕೇಳುವವರನ್ನು ನಂಬಬಾರದು. ಅಂಥ ಭರವಸೆಯನ್ನು ಯಾರೂ ಕೊಡಲಾರರು ಎಂದು ಗೂಗಲ್ ಸ್ಪಷ್ಟವಾಗಿ ಹೇಳಿದೆ. ಜಾಹೀರಾತಿಗೆ ಹಣ ಕೊಟ್ಟರೆ ಜಾಹೀರಾತಿನ ಜಾಗ ಸಿಗುತ್ತದೆಯೇ ಹೊರತು ಸಹಜ ಫಲಿತಾಂಶದಲ್ಲಿ ಸ್ಥಾನ ಏರುವುದಿಲ್ಲ. ಪುಟದ ಕೋಡ್‌ನಲ್ಲಿ ಕೀವರ್ಡ್‌ಗಳ ಪಟ್ಟಿ ತುರುಕುವುದು ನಿರರ್ಥಕ. ತನ್ನ ಶ್ರೇಯಾಂಕದಲ್ಲಿ ಅದನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿತು. ಅದೇ ಶ್ರೇಯಾಂಕದ ಲೆಕ್ಕಾಚಾರದಲ್ಲಿ ಗೂಗಲ್ ತಂದ 2011ರ ಪಾಂಡಾ ಬದಲಾವಣೆ ಸತ್ವವಿಲ್ಲದ ಪುಟಗಳನ್ನೂ 2012ರ ಪೆಂಗ್ವಿನ್ ಕೊಂಡಿ ಕೊಳ್ಳುವವರನ್ನೂ ಕೆಳಗಿಳಿಸಿತು. ಬೇರೆ ತಾಣದ ಬರಹವನ್ನು ಕದ್ದು ಹಾಕುವುದು, ಇಂಗ್ಲಿಷ್ ಪುಟವನ್ನು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿ ತಿದ್ದದೆ ಪ್ರಕಟಿಸುವುದು ಕೂಡ ಬಾಳಿಕೆಯ ದಾರಿಯಲ್ಲ.

ಪರಿಣಾಮವನ್ನು ಅಳೆಯಲು ಸರ್ಚ್ ಕನ್ಸೋಲ್ ಸಾಕು. ಯಾವ ಪದಗಳಿಗೆ ತಾಣ ಕಾಣಿಸಿತು, ಎಷ್ಟು ಜನ ಒತ್ತಿದರು, ಯಾವ ಪುಟ ಸೂಚಿಗೆ ಸೇರಿಲ್ಲ, ಏಕೆ ಸೇರಿಲ್ಲ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಹೊಸ ತಾಣಕ್ಕೆ ಫಲ ಕಾಣಲು ತಿಂಗಳುಗಳೇ ಬೇಕಾಗಬಹುದು. ಪುಟಗಳನ್ನು ಆಗಾಗ ತಿದ್ದುತ್ತಿರಬೇಕು, ವಿಳಾಸ ಬದಲಿಸಿದರೆ ಹಳೆಯದರಿಂದ ಹೊಸದಕ್ಕೆ ದಾರಿ ಮಾಡಿಡಬೇಕು, ಡೊಮೇನ್ ಶುಲ್ಕ ಕಟ್ಟುವುದನ್ನು ತಪ್ಪಿಸಬಾರದು. ಶುಲ್ಕ ತಪ್ಪಿದರೆ ವರ್ಷಗಳಿಂದ ಗಳಿಸಿದ ಕೊಂಡಿ, ಹೆಸರು ಎರಡೂ ಬೇರೆಯವರ ಪಾಲಾಗಬಹುದು.

ಈಚೆಗೆ ಸರ್ಚ್ ಎಂಜಿನ್‌ಗಳು ಕೊಂಡಿಗಳ ಪಟ್ಟಿಯ ಮೇಲೆ ಕೃತಕ ಬುದ್ಧಿಮತ್ತೆ ಬರೆದ ಉತ್ತರವನ್ನೂ ಕೊಡತೊಡಗಿವೆ. ಉತ್ತರ ಓದಿದವರು ಮೂಲ ತಾಣಕ್ಕೆ ಬಾರದೆ ಹೋಗಬಹುದು ಎಂಬ ಆತಂಕ ಪ್ರಕಾಶಕರಲ್ಲಿದೆ, ಅದು ನ್ಯಾಯವಾದದ್ದು. ಆದರೆ ಆ ಉತ್ತರಕ್ಕೂ ಮೂಲ ಜಾಲದ ಪುಟಗಳೇ. ಲೋಕಾಪುರದ ಸುಣ್ಣಕಲ್ಲು, ಬನಹಟ್ಟಿಯ ಸೀರೆ, ಮಹಾಲಿಂಗಪುರದ ಬೆಲ್ಲ, ಮುಧೋಳದ ನಾಯಿಗಳ ಬಗ್ಗೆ ಬಲ್ಲವರು ಯುನಿಕೋಡ್ ಕನ್ನಡದಲ್ಲಿ, ಎಲ್ಲರಿಗೂ ತೆರೆದ ಪುಟಗಳಲ್ಲಿ ನಿಖರವಾಗಿ ಬರೆದಿಟ್ಟರೆ ಹಳೆಯ ಬಗೆಯ ಪಟ್ಟಿಗೂ ಹೊಸ ಬಗೆಯ ಉತ್ತರಕ್ಕೂ ಆ ಬರಹವೇ ಆಧಾರವಾಗುತ್ತದೆ. ಶ್ರೇಯಾಂಕದ ಲೆಕ್ಕಾಚಾರಗಳು ಮುಂದೆಯೂ ಬದಲಾಗುತ್ತ ಹೋಗುತ್ತವೆ. ಓದಲು ಬರುವ ಅಕ್ಷರ, ಸರಿಯಾದ ಹೆಸರು, ತಿಳಿದವರ ಮಾತು, ನಂಬುವವರ ಕೊಂಡಿ ಇವುಗಳ ಅಗತ್ಯ ಮಾತ್ರ ಎಲ್ಲ ಬದಲಾವಣೆಗಳಲ್ಲೂ ಉಳಿದು ಬಂದಿದೆ.